ದೇವಾಲಯವೇ ಇಲ್ಲದ ಮೇಲೆ ಯೆಹೂದ್ಯರು ಪಾಪಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳುವುದು ಹೇಗೆ?

ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದ ಮೇಲೆ ಅಲ್ಲಿನ ಬಲಿ ನಿಂತೇ ಹೋಯಿತು. ಆಗ ರಬ್ಬಿ (ಯೆಹೂದ್ಯ ಧರ್ಮಗುರು) ಯೋಹಾನಾನ್ ಬೆನ್ ಝಕ್ಕಾಯ್, ‘ನನಗೆ ಬಲಿಯಲ್ಲ, ದಯೆ ಬೇಕು’ ಎಂಬ ಪ್ರವಾದಿ ಹೋಶೇಯನ ಮಾತು ನೆನಪಿಸಿ, ದಯೆಯ ಕೆಲಸವೂ ಅಷ್ಟೇ ದೊಡ್ಡ ಪ್ರಾಯಶ್ಚಿತ್ತ ಎಂದರಂತೆ. ಇಂದಿಗೂ ಪಶ್ಚಾತ್ತಾಪ, ಪ್ರಾರ್ಥನೆ, ದಾನ, ವರ್ಷಕ್ಕೊಮ್ಮೆ ಬರುವ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್ ಉಪವಾಸವೇ ದಾರಿ. ಆದರೆ ಪಕ್ಕದ ಮನೆಯವನಿಗೆ ಮೋಸ ಮಾಡಿ ಸುಮ್ನೆ ಉಪವಾಸ ಕೂತರೆ ಆಗದು. ಮೊದಲು ಅವನನ್ನೇ ಸಮಾಧಾನ ಮಾಡಬೇಕು ಎನ್ನುತ್ತದೆ ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾ. ನನಗೆ ಜಾಸ್ತಿ ಇಷ್ಟವಾಗುವುದು ಇದೇ.

ಕ್ರೈಸ್ತರಿಗೆ ಯೇಸುವಿನ ಮರಣವೇ ಎಲ್ಲರಿಗಾಗಿ ಒಮ್ಮೆಗೇ ಆದ ಬಲಿ. ರಕ್ತ ಸುರಿಯದೆ ಕ್ಷಮೆಯಿಲ್ಲ ಎನ್ನುತ್ತದೆ ಬೈಬಲಿನ ಹೊಸ ಒಡಂಬಡಿಕೆಯ ‘ಇಬ್ರಿಯರಿಗೆ ಬರೆದ ಪತ್ರ’. ಯೆಹೂದ್ಯರು ಇದನ್ನು ಒಪ್ಪುವುದಿಲ್ಲ. ತೀರಾ ಬಡವ ಪಾಪಪರಿಹಾರಕ್ಕೆ ಬರೀ ಹಿಟ್ಟು ತಂದರೂ ಸಾಕು ಎಂದು ಅವರ ಧರ್ಮಗ್ರಂಥದ ಭಾಗವಾದ ಯಾಜಕಕಾಂಡದಲ್ಲೇ ಇದೆ, ಅಲ್ವಾ?