ವಿರಾಜಪೇಟೆಯಿಂದ ಘಟ್ಟ ಇಳಿದು ಕಣ್ಣೂರು–ಕಾಸರಗೋಡು ಕರಾವಳಿಯನ್ನು ಅಲ್ಲಿಯವರ ಹಾಗೆ ಸುತ್ತುವುದು ಹೇಗೆ?

ನೀವು ಕೇಳಿರುವುದು ಇಷ್ಟು: ವಿರಾಜಪೇಟೆಯಲ್ಲಿ ನೆಂಟರ ಮನೆಯಲ್ಲಿದ್ದೀರಿ, ನಾಲ್ಕು ದಿನ ಬಿಡುವಿದೆ, ಸ್ವಂತ ಗಾಡಿ ಇಲ್ಲ, ಮಲಯಾಳಂ ಬರುವುದಿಲ್ಲ, ಪ್ಯಾಕೇಜ್ ಟೂರ್ ಬೇಡ. ಗಾಡಿ ಇಲ್ಲದಿರುವುದು ಒಳ್ಳೆಯದೇ ಆಯಿತು. ಆ ಕಡೆ ಬಸ್ಸು, ಪ್ಯಾಸೆಂಜರ್ ರೈಲು ಎರಡೂ ಧಾರಾಳ, ಪಾರ್ಕಿಂಗ್ ಮಾತ್ರ ಕಷ್ಟ.

ಒಂದು ಘಟ್ಟದಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ ಬನ್ನಿ. ಕೊಡಗಿನಿಂದ ಕಡಲಿಗೆ ನೇರವಾಗಿ ಇಳಿಯುವ ದಾರಿ ಮುಖ್ಯವಾಗಿ ಮೂರು: ವಿರಾಜಪೇಟೆ–ಮಾಕುಟ್ಟ–ಇರಿಟ್ಟಿ, ಭಾಗಮಂಡಲ–ಕರಿಕೆ–ಪಾಣತ್ತೂರು, ಮಡಿಕೇರಿ–ಸಂಪಾಜೆ–ಸುಳ್ಯ. ಕುಟ್ಟದ ದಾರಿ ವಯನಾಡಿಗೆ ಹೋಗುತ್ತದೆ, ಅಲ್ಲಿಂದ ಮತ್ತೊಂದು ಘಟ್ಟ ಇಳಿಯಬೇಕು. ಈ ಸಲ ಅದನ್ನು ಬಿಡಿ. ನಿಮಗೆ ಹೊಂದುವುದು ಮಾಕುಟ್ಟದಲ್ಲಿ ಇಳಿದು, ಎರಡು ರಾತ್ರಿ ತಲಶ್ಶೇರಿ–ಕಣ್ಣೂರು, ಒಂದು ರಾತ್ರಿ ಕಾಞಂಗಾಡು, ವಾಪಸ್ಸು ಕಾಸರಗೋಡು–ಸುಳ್ಯ–ಮಡಿಕೇರಿ. ಕೋಯಿಕ್ಕೋಡನ್ನೂ ಇದಕ್ಕೆ ಸೇರಿಸಿದರೆ ನಾಲ್ಕು ದಿನವೂ ಸೀಟಿನಲ್ಲೇ ಕಳೆದುಹೋಗುತ್ತದೆ.

ಮಾಕುಟ್ಟದ ಬಸ್ಸು ಬೆಳಿಗ್ಗೆಯದ್ದೇ ಹಿಡಿಯಿರಿ. ಪೆರುಂಬಾಡಿ ದಾಟಿದರೆ ಕೂಟುಪುಳ ಸೇತುವೆವರೆಗೂ ಕಾಡು. ಅಂಗಡಿ ಇಲ್ಲ, ಬಹುಪಾಲು ಕಡೆ ಮೊಬೈಲ್ ಸಿಗ್ನಲ್ಲೂ ಇಲ್ಲ. ತಿರುವುಗಳಲ್ಲಿ ಹೊಟ್ಟೆ ತೊಳಸುವವರಾದರೆ ಹಿಂದಿನ ಚಕ್ರದ ಆಚೆಯ ಸೀಟು ಬೇಡವೇ ಬೇಡ. ಖಾಲಿ ಹೊಟ್ಟೆಯಲ್ಲೂ ಹತ್ತಬೇಡಿ, ಎರಡು ಇಡ್ಲಿ ಸಾಕು. ಕಣ್ಣೂರಿಗೋ ತಲಶ್ಶೇರಿಗೋ ನೇರ ಬಸ್ಸು ಸಿಗದಿದ್ದರೆ ಇರಿಟ್ಟಿಯವರೆಗೆ ಹೋಗಿ. ಅಲ್ಲಿಂದ ಎರಡೂ ಕಡೆಗೆ ಖಾಸಗಿ ಬಸ್ಸು ಒಂದರ ಹಿಂದೆ ಒಂದು. ಮನೆಯ ಹೆಂಗಸರು ಜೊತೆಗಿದ್ದರೆ ನೆನಪಿರಲಿ, ಶಕ್ತಿ ಯೋಜನೆಯ ಉಚಿತ ಟಿಕೆಟ್ ಕೇರಳದ ಬಸ್ಸಿನಲ್ಲಿ, ಖಾಸಗಿ ಬಸ್ಸಿನಲ್ಲಿ ನಡೆಯುವುದಿಲ್ಲ. ಜೋರು ಮಳೆಗಾಲದಲ್ಲಿ ಹೊರಡುವ ಮುಂಚೆ ಬಸ್ ನಿಲ್ದಾಣದಲ್ಲಿ ಒಂದು ಮಾತು ಕೇಳಿಬಿಡಿ. 2018ರ ಆಗಸ್ಟ್‌ನಲ್ಲಿ ಸಂಪಾಜೆ, ಮಾಕುಟ್ಟ ಎರಡೂ ಕಡೆ ಗುಡ್ಡ ಜರಿದದ್ದು ಇಲ್ಲಿ ಯಾರೂ ಮರೆತಿಲ್ಲ.

ಕೇರಳದ ಬಸ್ಸಿನ ಬೋರ್ಡು ಮಲಯಾಳಂನಲ್ಲಿರುತ್ತದೆ. ಓದಲು ಹೆಣಗಬೇಡಿ, ಊರಿನ ಹೆಸರನ್ನು ಪ್ರಶ್ನೆಯ ಹಾಗೆ ಕೂಗಿ: ‘ತಲಶ್ಶೇರಿ?’ ಕಂಡಕ್ಟರ್ ತಲೆಯಾಡಿಸುತ್ತಾನೆ ಇಲ್ಲವೇ ಸರಿಯಾದ ಬಸ್ಸಿಗೆ ಕೈತೋರಿಸುತ್ತಾನೆ. ಮುಂದಿನ ಸೀಟುಗಳು ಹೆಂಗಸರಿಗೆ, ಗಂಡಸರು ಹಿಂದೆ ಹೋಗಬೇಕು. ಬಸ್ಸು ನಿಲ್ಲುವುದು ಕೆಲವೇ ಕ್ಷಣ. ನಿಮ್ಮ ನಿಲ್ದಾಣ ಬರುವ ಮೊದಲೇ ಎದ್ದು ಬಾಗಿಲ ಹತ್ತಿರ ಬಂದಿರಬೇಕು. ಬಸ್ಸು ಹೊರಟೇಬಿಟ್ಟರೆ ‘ಆಳಿರಙಾನುಂಡ್!’ ಎಂದು ಜೋರಾಗಿ ಹೇಳಿ. ಇಳಿಯುವವರಿದ್ದಾರೆ ಎಂದರ್ಥ, ತಕ್ಷಣ ಬೆಲ್ ಬೀಳುತ್ತದೆ. ‘ಎತ್ರಯಾ?’ ಅಂದರೆ ಎಷ್ಟು, ‘ಎಪ್ಪಳಾ?’ ಅಂದರೆ ಯಾವಾಗ. ಗಂಡಸರನ್ನು ‘ಚೇಟ್ಟಾ’, ಹೆಂಗಸರನ್ನು ‘ಚೇಚಿ’ ಎಂದು ಕರೆಯಿರಿ. ಇಷ್ಟರಲ್ಲೇ ನಾಲ್ಕು ದಿನ ಕಳೆಯಬಹುದು. ಕೊಡವ ತಕ್ ಬಲ್ಲವರಿಗಂತೂ ಅರ್ಧ ಮಾತು ತಾನಾಗಿಯೇ ತಿಳಿಯುತ್ತದೆ. ಇನ್ನೊಂದು, ಹೊರಡುವ ಹಿಂದಿನ ರಾತ್ರಿ ಮರುದಿನ ಹರತಾಳ ಇದೆಯೇ ಎಂದು ವಿಚಾರಿಸಿ. ಇದ್ದರೆ ಬಸ್ಸೂ ಇಲ್ಲ, ಊಟವೂ ಇಲ್ಲ.

ಘಟ್ಟದ ಮೇಲಿನವರು ಸಾಮಾನ್ಯವಾಗಿ ಎಡವುವುದು ಸಮುದ್ರದ ನೀರಿನ ಲೆಕ್ಕದಲ್ಲಿ. ಉಬ್ಬರ ದಿನಕ್ಕೆ ಎರಡು ಸಲ, ಇಳಿತ ಎರಡು ಸಲ. ನೀರು ಏರಲು ಸುಮಾರು ಆರು ಗಂಟೆ, ಇಳಿಯಲು ಸುಮಾರು ಆರು ಗಂಟೆ. ಮರುದಿನ ಇದೇ ಹೊತ್ತು ಹೆಚ್ಚುಕಡಿಮೆ 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಎರಡೂ ಜೋರು. ಮುಳಪ್ಪಿಲಂಗಾಡ್ ಬೀಚ್ ಇರುವುದು ಕಣ್ಣೂರು–ತಲಶ್ಶೇರಿ ನಡುವೆ, ಸುಮಾರು 4 ಕಿ.ಮೀ. ಉದ್ದ, ಮರಳ ಮೇಲೆಯೇ ವಾಹನ ಓಡಿಸಲು ಬಿಡುವ ಜಾಗ. ಇಳಿತದ ಹೊತ್ತಿಗೆ ಒದ್ದೆ ಮರಳು ಗಟ್ಟಿಯಾಗಿ ರಸ್ತೆಯ ಹಾಗಿರುತ್ತದೆ. ಬಿಳಿ ಒಣ ಮರಳಿಗೆ ಚಕ್ರ ಇಳಿಸಿದರೆ ಹೂತುಹೋಯಿತೆಂದೇ ಲೆಕ್ಕ. ಆಮೇಲೆ ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನಷ್ಟು ಆಳಕ್ಕೆ ಹೋಗುತ್ತದೆ, ಅತ್ತ ನೀರು ಏರುತ್ತಿರುತ್ತದೆ. ನೆಂಟರ ಜೀಪು ತಂದಿದ್ದರೆ ಅದೇ ಸಂಜೆ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ, ಉಪ್ಪು ಮೊದಲು ತಿನ್ನುವುದು ಅದನ್ನೇ.

ಅಲ್ಲೇ ಹತ್ತಿರ ಧರ್ಮಡಂ ತುರುತ್ತು, ದಡದಿಂದ ಸುಮಾರು 100 ಮೀಟರ್ ದೂರದ ಸಣ್ಣ ದ್ವೀಪ. ನೀರು ಇಳಿದಾಗ ನಡೆದೇ ಹೋಗುತ್ತಾರೆ. ಆದರೆ ಇಳಿತ ಮುಗಿಯುವ ಹೊತ್ತಿಗೆ ಹೊರಟರೆ ವಾಪಸ್ಸು ಬರುವಾಗ ನೀರು ಸೊಂಟಕ್ಕೆ ಬಂದಿರುತ್ತದೆ. ದಡದಲ್ಲಿ ಬಲೆ ಸರಿಮಾಡುತ್ತ ಕೂತವರನ್ನು ಕೇಳಿ, ಅವರು ಬೇಡವೆಂದರೆ ಬೇಡ. ಈಜುವವರಿಗೂ ಒಂದು ಮಾತು: ಅಲೆ ಒಡೆಯುವ ಸಾಲಿನ ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ನೀರು ಕಪ್ಪಾಗಿ, ಶಾಂತವಾಗಿ ಕಂಡರೆ ಅಲ್ಲಿಗೆ ಇಳಿಯಬೇಡಿ. ದಡಕ್ಕೆ ಬಂದ ನೀರು ಒಳಕ್ಕೆ ಎಳೆದುಕೊಂಡು ಹೋಗುವ ಜಾಗ ಅದು. ಸಿಕ್ಕಿಕೊಂಡರೆ ದಡದತ್ತ ಹೋರಾಡದೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ತಿರುಗಿ.

ಮೀನಿನ ವಿಷಯಕ್ಕೆ ಬರೋಣ, ನಮ್ಮವರು ಘಟ್ಟ ಇಳಿಯುವುದೇ ಮುಕ್ಕಾಲು ಪಾಲು ಅದಕ್ಕೆ. ಕಣ್ಣೂರಿನಲ್ಲಿ ಸೇಂಟ್ ಆಂಜೆಲೊ ಕೋಟೆಯ ಪಕ್ಕದ ಆಯಿಕ್ಕರ ಬಂದರಿಗೆ ಬೆಳಿಗ್ಗೆ ಬೇಗ ಹೋಗಿ. ಕೋಟೆ 1505ರ ಪೋರ್ಚುಗೀಸರದ್ದು, ಆಮೇಲೆ ನಿಧಾನವಾಗಿ ನೋಡಿದರಾಯಿತು, ಮೀನು ಕಾಯುವುದಿಲ್ಲ. ಹೆಸರುಗಳು: ಬೂತಾಯಿ ಅಲ್ಲಿ ಮತ್ತಿ, ಬಂಗುಡೆ ಅಲ್ಲಿ ಅಯಿಲ, ಅಂಜಲ್ ಅಲ್ಲಿ ಅಯಕೂರ, ಮಾಂಜಿ ಅಲ್ಲಿ ಆವೋಲಿ. ಕಿವಿರು ಎತ್ತಿದರೆ ಕೆಂಪಗಿರಬೇಕು, ಕಂದು ಬಣ್ಣ ಬಂದಿರಬಾರದು. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಬೆರಳಲ್ಲಿ ಒತ್ತಿದ ಗುಳಿ ಮೇಲೆದ್ದು ಬರಬೇಕು. ಮತ್ತಿಯ ಹೊಟ್ಟೆ ಒಡೆದಿದ್ದರೆ ಹಳೆಯದು, ಎಣ್ಣೆ ಮೀನಾದ್ದರಿಂದ ಬೇಗ ಕೆಡುತ್ತದೆ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವುದರಿಂದ ತಾಜಾ ಮೀನು ಕಡಿಮೆ, ರೇಟು ಹೆಚ್ಚು. ಮೀನಿಗಾಗಿಯೇ ಹೋಗುವುದಾದರೆ ಆ ಎರಡು ತಿಂಗಳು ಬೇಡ.

ಊರಿಗೆ ತರುವುದಾದರೆ ಕೊನೆಯ ದಿನ ಬೆಳಿಗ್ಗೆ ಕಾಸರಗೋಡಿನಲ್ಲಿ ಕೊಳ್ಳಿ. ಕಿವಿರು, ಕರುಳು ಅಲ್ಲೇ ತೆಗೆಸಿ. ಥರ್ಮಾಕೋಲ್ ಡಬ್ಬಿಯಲ್ಲಿ ಒಂದು ಕೆ.ಜಿ. ಮೀನಿಗೆ ಒಂದು ಕೆ.ಜಿ. ಪುಡಿ ಐಸು, ಅಡಿಗೆ ಐಸು, ಮೇಲೆ ಮೀನು, ಮತ್ತೆ ಐಸು. ಮುಚ್ಚಳಕ್ಕೆ ಟೇಪ್ ಸುತ್ತಿ ಇಡೀ ಡಬ್ಬಿಯನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಬಸ್ಸಿನ ನೆಲದಲ್ಲಿ ಮೀನಿನ ನೀರು ಹರಿದರೆ ಕಂಡಕ್ಟರ್ ಇಳಿಸಿಬಿಡುತ್ತಾನೆ, ಅದು ನ್ಯಾಯವೇ. ಬಂಗುಡೆ ಬಿಸಿಲಿಗೆ ಸಿಕ್ಕಿ ಕೆಟ್ಟಿದ್ದರೆ ಎಷ್ಟು ಬೇಯಿಸಿದರೂ ಮೈಯೆಲ್ಲ ತುರಿಕೆ ಏಳಬಹುದು. ಅದಕ್ಕೇ ಐಸಿನಲ್ಲಿ ಜಿಪುಣತನ ಬೇಡ.

ಊಟಕ್ಕೆ ಮಧ್ಯಾಹ್ನ ‘ಊಣ್’ ಎಂದು ಕೇಳಿ. ಕುಚ್ಚಲಕ್ಕಿ ಅನ್ನದ ಜೊತೆ ಮೀನು ಸಾರು ಬಹಳ ಕಡೆ ಸೇರಿಯೇ ಬರುತ್ತದೆ, ಹುರಿದ ಮೀನಿಗೆ ಮಾತ್ರ ಬೇರೆ ದುಡ್ಡು. ತಟ್ಟೆಗೆ ಬೀಳುವ ಮೊದಲೇ ರೇಟು ಕೇಳಿ. ಕೊಡಗಿನ ಕಪ್ಪು ಹುಳಿ ಕಾಚಂಪುಳಿಗೆ ಒಗ್ಗಿದ ನಾಲಿಗೆಗೆ ಅಲ್ಲಿನ ಸಾರು ಮೊದಲು ಸಪ್ಪೆ ಅನಿಸಬಹುದು. ಉತ್ತರ ಮಲಬಾರಿನಲ್ಲಿ ಹುಣಸೆ ಅಥವಾ ಮಾವಿನಕಾಯಿಯ ಹುಳಿಯೇ ಹೆಚ್ಚು. ತಲಶ್ಶೇರಿ ಬಿರಿಯಾನಿಯ ಅಕ್ಕಿ ಬಾಸ್ಮತಿಯಲ್ಲ, ಕೈಮ ಎನ್ನುವ ಸಣ್ಣ ಘಮದ ಅಕ್ಕಿ. ಶುಕ್ರವಾರ ಜುಮ್ಮಾ ಹೊತ್ತಿಗೆ ಮಾಪಿಳ್ಳೆಯವರ (ಮಲಬಾರಿನ ಮುಸ್ಲಿಮರ) ಹೋಟೆಲು ಹಲವು ಮುಚ್ಚಿರುತ್ತವೆ. ರಂಜಾನ್ ತಿಂಗಳಲ್ಲಿ ಹಗಲೆಲ್ಲ ಹಾಗೆಯೇ, ಆದರೆ ಸಂಜೆಯ ತಿಂಡಿ ಆಗಲೇ ನೋಡಬೇಕು. ಚಿಪ್ಪುಮೀನಿನ ತಿಂಡಿ ಅರಿಕ್ಕಡುಕ್ಕ ಬಿಡಬೇಡಿ: ಚಿಪ್ಪಿನ ಬಾಯಿ ತೆರೆದು, ಅಕ್ಕಿ, ತೆಂಗಿನಕಾಯಿ, ಸಣ್ಣ ಈರುಳ್ಳಿ, ಸೋಂಪು ಅರೆದ ಗಟ್ಟಿ ಹಿಟ್ಟು ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಆಮೇಲೆ ಚಿಪ್ಪು ಬಿಡಿಸಿ ಖಾರ ಸವರಿ ಕರಿಯುತ್ತಾರೆ. ಚೆರುವತ್ತೂರು, ಪಡನ್ನ ಕಡೆ ಹಿನ್ನೀರಿನಲ್ಲಿ ಹಗ್ಗಕ್ಕೆ ಕಟ್ಟಿ ಈ ಚಿಪ್ಪು ಬೆಳೆಸುತ್ತಾರೆ. ಮಳೆ ಬಿದ್ದು ನೀರು ಸಿಹಿಯಾದರೆ ಅವು ಸಾಯುವುದರಿಂದ ಮಳೆಗೆ ಮೊದಲೇ ಕೀಳುತ್ತಾರೆ.

ದೈವದ ವೇಷ ಕಟ್ಟಿ ಕುಣಿಯುವ ನಮ್ಮ ಕಡೆಯ ತೆರೆ ನೋಡಿದ್ದರೆ, ಅದೇ ಬಗೆಯ ತೆಯ್ಯಂ ನಿಮಗೆ ಹೊಸದಲ್ಲ. ಅಕ್ಟೋಬರ್ ಕೊನೆಯಿಂದ ಮೇ ಕೊನೆಯವರೆಗೆ ಕಾಲ. ಸಂಜೆಯದ್ದು ವೆಳ್ಳಾಟ್ಟಂ ಎನ್ನುವ ಸರಳ ವೇಷದ ಮೊದಲ ಭಾಗ, ಪೂರ್ತಿ ವೇಷ ಬರುವುದು ಹೆಚ್ಚಾಗಿ ಬೆಳಗಿನ ಜಾವ, ನಿದ್ದೆಗೆಡಲು ತಯಾರಿರಬೇಕು. ಬೆಂಕಿಯ ತೆಯ್ಯಂ ಆದರೆ ಊರವರು ಎಲ್ಲಿ ನಿಲ್ಲಿ ಎನ್ನುತ್ತಾರೋ ಅಲ್ಲೇ ನಿಲ್ಲಿ, ಫ್ಲಾಶ್ ಹಾಕಬೇಡಿ. ಉಳಿದ ತಿಂಗಳಲ್ಲಿ ಹೋದರೆ ಕಣ್ಣೂರಿನ ಹತ್ತಿರ ಮುತ್ತಪ್ಪ ದೈವದ ಪರಶ್ಶಿನಿಕಡವು ದೇವಸ್ಥಾನ ಇದೆ. ಅಲ್ಲಿ ಮುತ್ತಪ್ಪನ ತೆಯ್ಯಂ ಹೆಚ್ಚುಕಡಿಮೆ ವರ್ಷವಿಡೀ, ಬೆಳಿಗ್ಗೆ ಮತ್ತು ಸಂಜೆ. ಪ್ರಸಾದ ಬೇಯಿಸಿದ ಹೆಸರುಕಾಳು, ಕಾಯಿ ಚೂರು, ಚಹಾ. ಒಳಗೆ ಓಡಾಡುವ ನಾಯಿಗಳನ್ನು ಗದರಿಸಬೇಡಿ, ಅವು ಮುತ್ತಪ್ಪನವು.

ಮೂರನೆಯ ದಿನ ಕಣ್ಣೂರಿನಿಂದ ಉತ್ತರಕ್ಕೆ ಪ್ಯಾಸೆಂಜರ್ ರೈಲು. ಕಿಟಕಿಯಲ್ಲಿ ಸಾದಾ ಟಿಕೆಟ್ ಸಾಕು. ಅದೇ ಟಿಕೆಟಿನಲ್ಲಿ ಸೂಪರ್‌ಫಾಸ್ಟ್ ಹತ್ತಿದರೆ ದಂಡ. ಎಡಗಡೆ ಕೂತರೆ ಕಡಲ ಕಡೆ. ಕಾಞಂಗಾಡಿನಲ್ಲಿ ಸಾಮಾನು ಇಟ್ಟು ಬೇಕಲ ಕೋಟೆ ನಿಲ್ದಾಣದಲ್ಲಿ ಇಳಿಯಿರಿ, ಎಕ್ಸ್‌ಪ್ರೆಸ್‌ಗಳು ಬಹುತೇಕ ಅಲ್ಲಿ ನಿಲ್ಲುವುದಿಲ್ಲ. ಕೋಟೆ ಕೆಳದಿಯ ಶಿವಪ್ಪ ನಾಯಕನ ಕಾಲದ್ದು. ಒಳಗೆ ನೆರಳು ಇಲ್ಲವೇ ಇಲ್ಲ, ಸಂಜೆ ನಾಲ್ಕರ ಹೊತ್ತಿಗೆ ಹೋಗಿ.

ನಾಲ್ಕನೆಯ ದಿನ ಚಂದ್ರಗಿರಿ ಹೊಳೆ ದಾಟಿದ ಮೇಲೆ ಕನ್ನಡ, ತುಳು ಮತ್ತೆ ಕಿವಿಗೆ ಬೀಳತೊಡಗುತ್ತದೆ. ಕಾಸರಗೋಡಿನಿಂದ ಚೆರ್ಕಳ, ಮುಳ್ಳೇರಿಯ, ಜಾಲ್ಸೂರು ಮಾರ್ಗವಾಗಿ ಸುಳ್ಯಕ್ಕೆ ಬಸ್ಸಿದೆ, ಸುಳ್ಯದಿಂದ ಮಡಿಕೇರಿಗೆ ಸುಮಾರು 50 ಕಿ.ಮೀ. ಮಧ್ಯಾಹ್ನ ಒಂದರೊಳಗೆ ಕಾಸರಗೋಡು ಬಿಟ್ಟರೆ ಸಂಪಾಜೆ ಘಟ್ಟವನ್ನು ಬೆಳಕಿರುವಾಗಲೇ ಹತ್ತಬಹುದು, ಮಡಿಕೇರಿಯಿಂದ ವಿರಾಜಪೇಟೆಗೆ ಬಸ್ಸೂ ಸಿಗುತ್ತದೆ. ಸುಳ್ಯದಿಂದ ಮೇಲೆ ರಸ್ತೆಯ ಪಕ್ಕ ಆಗಾಗ ಕಾಣುವ ಹೊಳೆ ಪಯಸ್ವಿನಿ. ನೀವು ಬೆಳಿಗ್ಗೆ ಚಂದ್ರಗಿರಿ ಎಂದು ದಾಟಿದ್ದು ಅದನ್ನೇ.