ವೆಬ್ ಡೆವಲಪ್‌ಮೆಂಟ್ ಕಲಿಯಲು ಹೊಸಬರಿಗೆ ಯಾವ ಲಿನಕ್ಸ್ ಒಳ್ಳೆಯದು?

ಇಷ್ಟು ದಿನ ವಿಂಡೋಸ್ ಬಳಸಿದವರಾದರೆ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ, ಅದರಲ್ಲೂ ಸಿನಮನ್ ಆವೃತ್ತಿ. ಕೆಳಗೆ ಟಾಸ್ಕ್‌ಬಾರ್, ಎಡ ಮೂಲೆಯಲ್ಲಿ ಮೆನು. ಹೊಸದಾಗಿ ಕಲಿಯುವುದು ಕಡಿಮೆ. ಮಿಂಟ್ 22 ನಿಂತಿರುವುದು ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ಮೇಲೆ. ಹಾಗಾಗಿ ಉಬುಂಟುಗೆಂದು ಬರೆದ ಸೂಚನೆಗಳು ಬಹುಪಾಲು ಇಲ್ಲೂ ನಡೆಯುತ್ತವೆ. ಸೆಕ್ಯುರಿಟಿ ಅಪ್‌ಡೇಟ್‌ಗಳು 2029ರವರೆಗೆ ಸಿಗುತ್ತವೆ. ಲ್ಯಾಪ್‌ಟಾಪ್ ಹಳೆಯದು, ರ‍್ಯಾಮ್ 4 ಜಿಬಿ ಅಂದ್ರೆ ಮಿಂಟ್‌ನದೇ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಸಾಕು.

ಲಿನಕ್ಸೇ ಯಾಕೆ ಅಂದರೆ, ನಿಮ್ಮ ಸೈಟ್ ಕೊನೆಗೆ ಓಡುವುದು ಹೆಚ್ಚಾಗಿ ಲಿನಕ್ಸ್ ಸರ್ವರ್ ಮೇಲೇ ಅಲ್ವಾ? ಒಂದು ಉದಾಹರಣೆ ನೋಡಿ. ಫೈಲ್ ಹೆಸರಿನ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರಗಳನ್ನು ವಿಂಡೋಸ್ ಸಾಮಾನ್ಯವಾಗಿ ಬೇರೆ ಬೇರೆ ಎಂದು ನೋಡುವುದಿಲ್ಲ, ಲಿನಕ್ಸ್ ನೋಡುತ್ತದೆ. ಮನೆಯಲ್ಲಿ ಸರಿಯಾಗಿ ಕಂಡ ಚಿತ್ರ ಸರ್ವರ್‌ಗೆ ಹೋದ ಮೇಲೆ 404 (ಫೈಲ್ ಸಿಗಲಿಲ್ಲ ಎಂಬ ದೋಷ) ಆಗುವುದು ಎಷ್ಟೋ ಸಲ ಇದರಿಂದಲೇ. ಲಿನಕ್ಸ್‌ನಲ್ಲೇ ಬರೆದರೆ ತಪ್ಪು ನಿಮ್ಮ ಮೇಜಿನ ಮೇಲೆಯೇ ಸಿಕ್ಕಿಬೀಳುತ್ತದೆ.

ಕೋಡ್ ಬರೆಯುವ ವಿಎಸ್ ಕೋಡ್, ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್, ಫೈರ್‌ಫಾಕ್ಸ್ ಬ್ರೌಸರ್ ಎಲ್ಲವೂ ಇಲ್ಲಿ ಚೆನ್ನಾಗಿ ನಡೆಯುತ್ತವೆ. ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ಮಾತ್ರ ಎನ್‌ವಿಎಂ (ನೋಡ್‌ನ ಆವೃತ್ತಿಗಳನ್ನು ನಿರ್ವಹಿಸುವ ಟೂಲ್) ಮೂಲಕ ಹಾಕಿ. ಸಿಸ್ಟಮ್‌ನ ಪ್ಯಾಕೇಜ್‌ನಲ್ಲಿ ಸಿಗುವುದು ಸಾಮಾನ್ಯವಾಗಿ ಹಳೆಯ ಆವೃತ್ತಿ.

ಕಾಲಿ ಲಿನಕ್ಸ್ ಬೇಡವೇ ಬೇಡ. ಅದು ಸೆಕ್ಯುರಿಟಿ ಪರೀಕ್ಷೆ ಮಾಡುವವರಿಗಾಗಿ ಇರುವುದು. ಆರ್ಚ್ ಲಿನಕ್ಸ್ ಒಳ್ಳೆಯದೇ, ಆದರೆ ಸಿಎಸ್‌ಎಸ್ (ಪುಟದ ಅಂದ ರೂಪಿಸುವ ಭಾಷೆ) ಕಲಿಯುವ ಸಮಯವನ್ನು ಸಿಸ್ಟಮ್ ಸರಿಮಾಡುವುದಕ್ಕೆ ಕೊಡಬೇಕಾಗುತ್ತದೆ.

ಇನ್‌ಸ್ಟಾಲ್ ಮಾಡುವ ಮುಂಚೆ ಮಿಂಟ್ ಹಾಕಿದ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ (ಕಂಪ್ಯೂಟರ್ ಶುರು ಮಾಡಿ), ವೈಫೈ, ಸೌಂಡ್, ಟಚ್‌ಪ್ಯಾಡ್ ಪರೀಕ್ಷಿಸಿ. ನಿಮ್ಮ ಫೈಲ್‌ಗಳ ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿ ಇಟ್ಟುಕೊಂಡೇ ಮುಂದುವರಿಯಿರಿ.