ಹೆಬ್ಬೆರಳ ಬುಡದ ಕೀಲು: ಕೆರೆಯುವುದೋ, ಬೆಸೆಯುವುದೋ?

ಹೆಗಡೆಯವರೇ, ಎಡಗಾಲಿನ ಹೆಬ್ಬೆರಳ ಬುಡದ ಕೀಲು ಸವೆದಿದ್ದು, ಹುಬ್ಬಳ್ಳಿಯಲ್ಲಿ ತೋರಿಸಿದಾಗ ಒಬ್ಬ ವೈದ್ಯರು ಮೂಳೆ ಕೆರೆದರೆ ಸಾಕೆಂದೂ ಇನ್ನೊಬ್ಬರು ಕೀಲನ್ನೇ ಬೆಸೆಯಬೇಕೆಂದೂ ಹೇಳಿದ್ದಾರೆ ಎಂದು ಬರೆದಿದ್ದೀರಿ. ಮೂರು ವರ್ಷಗಳ ಹಿಂದೆ ಬಲಗಾಲಿಗೆ ಬೆಸುಗೆ ಮಾಡಿಸಿಕೊಂಡವನಾಗಿ ತಿಳಿದಷ್ಟನ್ನು ಹೇಳುತ್ತೇನೆ.

ನೋವು ಯಾವಾಗ ಬರುತ್ತದೆ ಎಂಬುದನ್ನು ಮೊದಲು ಗಮನಿಸಿ. ಬೆರಳನ್ನು ಪೂರ್ತಿ ಮೇಲಕ್ಕೆ ಮಡಚಿದಾಗ ಅಥವಾ ಚಪ್ಪಲಿಯ ಪಟ್ಟಿ ಗಂಟಿಗೆ ಒತ್ತಿದಾಗ ಮಾತ್ರ ನೋಯುವುದಾದರೆ, ಮೇಲೆ ಬೆಳೆದ ಮೂಳೆಯ ಮುಳ್ಳನ್ನೂ ಅದರೊಂದಿಗೆ ಮೂಳೆಯ ತಲೆಯ ಮೇಲ್ಭಾಗದ ಸುಮಾರು ಕಾಲು ಭಾಗವನ್ನೂ ತೆಗೆಯುವ ಕೈಲೆಕ್ಟಮಿಯಿಂದ ಗುಣ ಕಾಣಬಹುದು. ಕೀಲು ಉಳಿಯುತ್ತದೆ, ಬೇಗ ನಡೆಯಬಹುದು, ಆದರೆ ಒಳಗಿನ ಸವೆತ ನಿಲ್ಲುವುದಿಲ್ಲ. ಬೆರಳು ತುಸು ಅಲುಗಿದರೂ ಒಳಗಿನಿಂದ ನೋವೆದ್ದರೆ ಕೆರೆಸಿ ಹೆಚ್ಚು ಪ್ರಯೋಜನವಿಲ್ಲ.

ಬೆಸುಗೆಯಲ್ಲಿ ಉಳಿದ ಕಾರ್ಟಿಲೇಜನ್ನು (ಮೂಳೆಯ ತುದಿಯ ನುಣುಪಾದ ಹೊದಿಕೆ) ತೆಗೆದು, ಎರಡೂ ಮೂಳೆಗಳನ್ನು ಪ್ಲೇಟು, ಸ್ಕ್ರೂಗಳಿಂದ ಬಿಗಿದು ಒಂದಾಗಿಸುತ್ತಾರೆ. ಬೆರಳನ್ನು ನೆಲದಿಂದ ಸುಮಾರು 10ರಿಂದ 15 ಡಿಗ್ರಿ ಮೇಲಕ್ಕೆ ನಿಲ್ಲಿಸುವುದು ರೂಢಿ. ಈ ಕೋನ ಆಮೇಲೆ ಬದಲಾಗುವುದಿಲ್ಲವಾದ್ದರಿಂದ, ತೋಟದಲ್ಲಿ ಬರಿಗಾಲಲ್ಲಿ ಓಡಾಡುವುದನ್ನೂ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವುದನ್ನೂ ಮುಂಚೆಯೇ ವೈದ್ಯರಿಗೆ ಹೇಳಿ. ನಾನು ಹೇಳಿರಲಿಲ್ಲ. ನನಗೀಗ ಅಂಗಾಲು ಪೂರ್ತಿ ಊರಿ ಕುಕ್ಕರಗಾಲಲ್ಲಿ ಕೂರಲು ತೊಂದರೆಯಿಲ್ಲ, ತುದಿಗಾಲಲ್ಲಿ ಕೂರಲಾಗುವುದಿಲ್ಲ, ದರೆ ಹತ್ತುವಾಗ ಪಾದವನ್ನು ಓರೆಯಾಗಿ ಇಡಬೇಕಾಗುತ್ತದೆ. ಆದರೆ ಆ ನೋವು ಮರಳಲಿಲ್ಲ. ಮೂಳೆ ಕೂಡಲು 6ರಿಂದ 8 ವಾರ ಬೇಕು. ಬೀಡಿ ಸಿಗರೇಟಿನ ಅಭ್ಯಾಸವಿದ್ದರೆ ಕೂಡದೇ ಹೋಗುವ ಸಂಭವ ಹೆಚ್ಚು. ಕವಳದ (ಎಲೆಅಡಿಕೆಯ) ತಂಬಾಕಿನಲ್ಲಿಯೂ ಅದೇ ನಿಕೋಟಿನ್ ಇದೆ.

ಕೃತಕ ಕೀಲಿನ ಆಸೆಗೆ ಬೀಳಬೇಡಿ ಎಂಬುದು ನನ್ನ ಅಭಿಪ್ರಾಯ. ಅದು ಸಡಿಲವಾದರೆ ತೆಗೆದು ಬೆಸೆಯಬೇಕಾಗುತ್ತದೆ, ಆಗ ಮೂಳೆಯೇ ಕಡಿಮೆಯಾಗಿರುತ್ತದೆ. ಅಮೆರಿಕದಲ್ಲಿ 2016ರಲ್ಲಿ ಅನುಮತಿ ಪಡೆದಿದ್ದ ಕಾರ್ಟಿವಾ ಎಂಬ ಕೃತಕ ಕಾರ್ಟಿಲೇಜನ್ನು 2024ರಲ್ಲಿ ತಯಾರಕರೇ ಹಿಂಪಡೆದರು. ಮೂಳೆಯ ತುಂಡು ತೆಗೆದು ಸಡಿಲ ಬಿಡುವ ಕೆಲ್ಲರ್ ವಿಧಾನ ಹೆಚ್ಚು ಓಡಾಡದ ವೃದ್ಧರಿಗೆ ಸರಿ, ನಿಮಗಲ್ಲ.

ಅಡಿಕೆ ಒಣಗಿಸಿ ಮುಗಿದ ಮೇಲೆ, ಮಾರ್ಚ್ ಒಳಗೆ ಮಾಡಿಸಿದರೆ ಮಳೆಗಾಲಕ್ಕೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಹೊತ್ತಿಗೆ ಗಾಯ ಒಣಗಿ ಮೂಳೆ ಕೂಡಿರುತ್ತದೆ. ಊತ ಇಳಿಯಲು ಮಾತ್ರ ಇನ್ನೂ ಕೆಲವು ತಿಂಗಳು ಹಿಡಿಯಬಹುದು. ಶಸ್ತ್ರಚಿಕಿತ್ಸೆಗೂ ಮೊದಲು ರಕ್ತದ ಸಕ್ಕರೆ, ಯೂರಿಕ್ ಆಮ್ಲ ಎರಡನ್ನೂ ನೋಡಿಸಿ, ಏಕೆಂದರೆ ಯೂರಿಕ್ ಆಮ್ಲ ಹೆಚ್ಚಾಗಿ ಬರುವ ಗೌಟ್ ಎಂಬ ಕೀಲುನೋವು ಕೂಡ ಇದೇ ಕೀಲಿಗೆ ಬರುತ್ತದೆ. ನಿಮ್ಮ ಎಕ್ಸ್‌ರೇ ಮಲಗಿಸಿ ತೆಗೆದದ್ದಾದರೆ, ಪಾದದ ಮೇಲೆ ಭಾರ ಹಾಕಿ ನಿಂತು ಇನ್ನೊಮ್ಮೆ ತೆಗೆಸಿ, ಅದನ್ನೇ ಇಬ್ಬರು ವೈದ್ಯರಿಗೂ ತೋರಿಸಿ.